ಹದಿನಾರು ಪುಟದ ಕಾಮಿಕ್ಸ್: ಬರೆದು, ಬಿಡಿಸಿ, ನೀವೇ ಪ್ರಕಟಿಸುವ ಬಗೆ

ಕಾಮಿಕ್ಸ್ ಬಿಡಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲ ಪುಟದಲ್ಲಿಯೇ ಒಂದು ತಪ್ಪು ಮಾಡುತ್ತಾರೆ. ಚಿತ್ರವನ್ನು ಪೂರ್ತಿಯಾಗಿ ಬಿಡಿಸಿ, ಮಸಿ ಹಾಕಿ, ನೆರಳು ತುಂಬಿ, ಎಲ್ಲವೂ ಮುಗಿದ ಮೇಲೆ ಉಳಿದ ಜಾಗದಲ್ಲಿ ಮಾತುಗಳನ್ನು ತುರುಕುತ್ತಾರೆ. ಇಂಗ್ಲಿಷ್ ಕಾಮಿಕ್ಸ್ ನೋಡಿ ಪಳಗಿದ ಕಣ್ಣಿಗೆ ಮಾತಿನ ಬಲೂನಿಗೆ ಇಷ್ಟು ಜಾಗ ಸಾಕೆಂಬ ಒಂದು ಅಂದಾಜು ಇರುತ್ತದೆ. ಆ ಅಂದಾಜು ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಪದಗಳು ವಿಭಕ್ತಿ, ಕ್ರಿಯಾಪ್ರತ್ಯಯಗಳನ್ನೆಲ್ಲ ಬಾಲದಂತೆ ಕಟ್ಟಿಕೊಂಡು ಉದ್ದವಾಗುತ್ತವೆ. ಅಕ್ಷರದ ತಲೆಯ ಮೇಲೆ ಗುಡಿಸು, ಏತ್ವಗಳಿರುತ್ತವೆ, ಕಾಲಡಿಯಲ್ಲಿ ಒತ್ತಕ್ಷರ ಇಳಿಯುತ್ತದೆ. ನಾನು ಮಾಡಿದ ಮೊದಲ ಪುಸ್ತಿಕೆಯಲ್ಲಿ ಒಬ್ಬ ಅಜ್ಜಿಯ ಮುಖದ ಅರ್ಧಭಾಗ ಅವಳದೇ ಮಾತಿನ ಅಡಿಯಲ್ಲಿ ಮುಚ್ಚಿಹೋಗಿತ್ತು. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಅಕ್ಷರವೇ ಮೊದಲು, ಚಿತ್ರ ಆನಂತರ. ಹುಬ್ಬಳ್ಳಿ-ಧಾರವಾಡದಂಥ ಊರಿನಲ್ಲಿ ನೌಕರಿಯೋ ಓದೋ ಮುಗಿಸಿ ಸಂಜೆ ಮೇಜಿನ ಮುಂದೆ ಕೂರುವ ಹವ್ಯಾಸಿಯೊಬ್ಬರು ಕಪ್ಪು-ಬಿಳುಪಿನ, ಎ5 ಅಳತೆಯ, ಹದಿನಾರು ಪುಟದ ಪುಸ್ತಿಕೆಯೊಂದನ್ನು ತಾವೇ ಮಾಡಿ ಮಾರುವಷ್ಟಕ್ಕೆ ಈ ಬರಹ ಸೀಮಿತವಾಗಿದೆ.

ಕಥೆ ಮತ್ತು ಪುಟಗಳ ಲೆಕ್ಕ

ಹದಿನಾರೇ ಏಕೆ ಎಂಬುದಕ್ಕೆ ಕಾರಣ ಕಾಗದದಲ್ಲಿದೆ. ಒಂದು ಎ4 ಹಾಳೆಯನ್ನು ನಡುವೆ ಮಡಚಿದರೆ ಎ5 ಅಳತೆಯ ನಾಲ್ಕು ಪುಟಗಳಾಗುತ್ತವೆ. ಹೀಗೆ ಮಡಚಿದ ಹಾಳೆಗಳನ್ನು ಒಂದರೊಳಗೊಂದು ಇಟ್ಟು ಸೆಂಟರ್ ಪಿನ್ ಹೊಡೆದಾಗ ಪುಟಗಳ ಸಂಖ್ಯೆ ನಾಲ್ಕರ ಗುಣಕವಾಗಿಯೇ ಇರಬೇಕಾಗುತ್ತದೆ. ಇದು ತಿಳಿಯದೆ ನಾನು ಹದಿನಾಲ್ಕು ಪುಟದ ಕಥೆ ಬಿಡಿಸಿ ಒಯ್ದಿದ್ದೆ; ಕೊನೆಯಲ್ಲಿ ಎರಡು ಖಾಲಿ ಪುಟಗಳು ಉಳಿದವು, ಓದಿದವರೆಲ್ಲ ಕಥೆ ಪೂರ್ತಿ ಅಚ್ಚಾಗಿಲ್ಲವೆಂದು ತಿಳಿದರು. ಹದಿನಾರರಲ್ಲಿ ಮೊದಲ ಪುಟ ಮುಖಪುಟಕ್ಕೆ, ಎರಡನೆಯದು ಪ್ರಕಟಣೆಯ ವಿವರಗಳಿಗೆ, ಹದಿನಾರನೆಯದು ಹಿಂಬದಿಗೆ ಹೋದರೆ ಕಥೆಗೆ ಸಿಗುವುದು ಹದಿಮೂರು ಪುಟ. ಪುಟಕ್ಕೆ ನಾಲ್ಕೈದು ಚೌಕಟ್ಟುಗಳಂತೆ ಹಿಡಿದರೆ ಒಟ್ಟು ಐವತ್ತರಿಂದ ಅರವತ್ತೈದು ಚಿತ್ರಗಳು. ನನ್ನ ಕೈಗೆ ಒಂದು ಪುಟಕ್ಕೆ ನಾಲ್ಕು ಸಂಜೆ ಬೇಕು, ಅಂದರೆ ಹದಿಮೂರು ಪುಟಕ್ಕೆ ಸುಮಾರು ಎರಡು ತಿಂಗಳು. ಇನ್ನೂರು ಪುಟದ ಮಹಾಕಥೆಯನ್ನು ಮನಸ್ಸಿನಲ್ಲಿ ಹೊತ್ತವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಹದಿನಾರೂ ಹೆಚ್ಚೆನಿಸಿದರೆ ಒಂದೇ ಹಾಳೆಯ ಎಂಟು ಪುಟದ ಪುಸ್ತಿಕೆಯಿಂದ ಕೈ ಪಳಗಿಸಿಕೊಳ್ಳಬಹುದು. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿದರೆ ಎಂಟು ಸಮ ಮನೆಗಳು ಕಾಣುತ್ತವೆ. ಉದ್ದಕ್ಕೆ ಹೋಗುವ ನಡುಗೆರೆಯಲ್ಲಿ ಮಧ್ಯದ ಎರಡು ಮನೆಗಳಷ್ಟು ಉದ್ದ ಮಾತ್ರ ಕತ್ತರಿಸಿ, ಹಾಳೆಯನ್ನು ಉದ್ದಕ್ಕೆ ಮಡಚಿ, ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ಕತ್ತರಿಸಿದ ಭಾಗ ಬಾಯಿ ತೆರೆದು ಪುಸ್ತಿಕೆಯಾಗುತ್ತದೆ. ಪ್ರತಿ ಪುಟ 74×105 ಮಿ.ಮೀ. ಇರುತ್ತದೆ. ಒಂದೇ ಬದಿಯ ಝೆರಾಕ್ಸ್ ಸಾಕು, ಪಿನ್ನೂ ಬೇಡ.

ಕಥೆ ಚಿಕ್ಕದಿರಲಿ, ಜಾಗ ನಿಮಗೆ ಕಂಡದ್ದಾಗಿರಲಿ. ಧಾರವಾಡದ ಮಳೆಗಾಲದಲ್ಲಿ ಛತ್ರಿ ರಿಪೇರಿ ಮಾಡುವ ಮುದುಕನೊಬ್ಬನಿದ್ದಾನೆ, ಅವನಿಗೇ ಛತ್ರಿಯಿಲ್ಲ ಎಂಬಷ್ಟು ಎಳೆ ಹದಿಮೂರು ಪುಟಕ್ಕೆ ಧಾರಾಳವಾಗಿ ಸಾಕು. ಅದನ್ನು ಬರೆಯುವಾಗ ನೋಟ್‌ಬುಕ್ಕಿನ ಎಡಪುಟದಲ್ಲಿ ಕಣ್ಣಿಗೆ ಕಾಣುವುದನ್ನೂ ಬಲಪುಟದಲ್ಲಿ ಕಿವಿಗೆ ಕೇಳುವುದನ್ನೂ ಬರೆದುಕೊಂಡರೆ, ಚಿತ್ರದಲ್ಲಿ ಆಗಲೇ ಕಾಣುತ್ತಿರುವುದನ್ನು ಮಾತಿನಲ್ಲಿ ಮತ್ತೆ ಹೇಳಿರುವ ಕಡೆಗಳು ತಾವಾಗಿಯೇ ಎದ್ದು ತೋರುತ್ತವೆ, ಅವುಗಳನ್ನು ಹೊಡೆದುಹಾಕಬೇಕು. ಇನ್ನೊಂದು ಸೂಕ್ಷ್ಮ ಸಂಗತಿಯೆಂದರೆ ಪುಟ ತಿರುವುವ ಜಾಗ. ಬೆಸಸಂಖ್ಯೆಯ ಪುಟ ಬಲಕ್ಕೆ, ಸಮಸಂಖ್ಯೆಯದು ಎಡಕ್ಕೆ ಬರುವುದರಿಂದ, ಓದುಗನಿಗೆ ಅಚ್ಚರಿಯಾಗಬೇಕಾದದ್ದು 4, 6, 8ರಂಥ ಪುಟದ ಮೇಲ್ತುದಿಯಲ್ಲಿ ಇರಬೇಕು. ಅದೇ ಚಿತ್ರ 7ನೆಯ ಪುಟದಲ್ಲಿದ್ದರೆ 6ನ್ನು ಓದುವಾಗಲೇ ಕಣ್ಣಂಚಿಗೆ ಬಿದ್ದು ಗುಟ್ಟು ರಟ್ಟಾಗುತ್ತದೆ.

ಮಾತಿನ ಭಾಷೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. "ಈ ಛತ್ರಿಯನ್ನು ರಿಪೇರಿ ಮಾಡಲು ಸಾಧ್ಯವಾಗುತ್ತದೆಯೇ?" ಎಂಬ ವಾಕ್ಯ ಬಲೂನಿನಲ್ಲಿ ನಾಲ್ಕು ಸಾಲು ತಿನ್ನುತ್ತದೆ. "ಅಜ್ಜಾರ, ಇದು ರಿಪೇರಿ ಆಗ್ತದೇನ್ರಿ?" ಎಂದರೆ ಎರಡು ಸಾಲಿನಲ್ಲಿ ಮುಗಿಯುತ್ತದೆ, "ಆಗ್ತೈತವ್ವಾ, ಮಳಿ ನಿಂತ ಮ್ಯಾಲ ಬಾ" ಎಂಬ ಉತ್ತರದಲ್ಲಿ ಮುದುಕನ ಸ್ವಭಾವವೂ ಬಂದುಬಿಡುತ್ತದೆ. ಒಬ್ಬರ ಬಾಯಲ್ಲಿ "ಅದ", ಇನ್ನೊಬ್ಬರ ಬಾಯಲ್ಲಿ "ಐತಿ" ಬಂದರೆ ಅವರ ಓಣಿ, ಮನೆತನ, ಕಸುಬುಗಳ ಬಗ್ಗೆ ಪುಟಗಟ್ಟಲೆ ಹೇಳುವುದು ಉಳಿಯುತ್ತದೆ. ಆದರೆ ಆಡುಮಾತಿಗೆ ಒಪ್ಪಿತ ಕಾಗುಣಿತವಿಲ್ಲದ ಕಾರಣ "ಮ್ಯಾಲ" ಎಂದು ಬರೆಯುವಿರೋ "ಮ್ಯಾಗ" ಎಂದೋ, "ಆಗ್ತೈತಿ" ಎಂದೋ "ಆಗತೈತಿ" ಎಂದೋ ಪ್ರತಿ ಪಾತ್ರಕ್ಕೂ ಮೊದಲೇ ನಿರ್ಧರಿಸಿ ಒಂದು ಪಟ್ಟಿ ಇಟ್ಟುಕೊಳ್ಳಬೇಕು. ನಿರೂಪಣೆಯ ಸಾಲುಗಳನ್ನು ಗ್ರಾಂಥಿಕ ಕನ್ನಡದಲ್ಲಿಯೇ ಬರೆದು ಬಲೂನುಗಳಲ್ಲಿ ಮಾತ್ರ ಆಡುಮಾತು ಬಳಸುವುದು ನನಗೆ ಸರಿಯೆನಿಸಿದೆ, ಏಕೆಂದರೆ ಆಗ ಯಾವುದು ಯಾರ ದನಿ ಎಂಬುದರಲ್ಲಿ ಗೊಂದಲವಿರುವುದಿಲ್ಲ.

ಅಕ್ಷರ ಮೊದಲು

ಚಿತ್ರಕ್ಕಿಂತ ಮೊದಲು ಹದಿಮೂರೂ ಪುಟಗಳ ಕಿರುನಕ್ಷೆಗಳನ್ನು ಅಂಗೈಯಗಲದಲ್ಲಿ ಗೀಚಿಕೊಳ್ಳಿ: ಚೌಕಟ್ಟುಗಳೆಷ್ಟು, ಯಾರು ಎಲ್ಲಿ, ಯಾರ ಮಾತು ಮೊದಲು ಎಂಬಷ್ಟೇ ಸಾಕು. ಓದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಗುವುದರಿಂದ ಮೊದಲು ಮಾತಾಡುವವರನ್ನು ಎಡಕ್ಕೆ ನಿಲ್ಲಿಸಬೇಕು. ಇಲ್ಲದಿದ್ದರೆ ಬಲೂನುಗಳ ಬಾಲಗಳು ಒಂದನ್ನೊಂದು ದಾಟುತ್ತವೆ. ಇದಾದ ಮೇಲೆ ನಿಜವಾದ ಕಾಗದದ ಮೇಲೆ ಚೌಕಟ್ಟುಗಳ ಗೆರೆ ಎಳೆದು, ಯಾವ ಮುಖವನ್ನೂ ಬರೆಯುವ ಮೊದಲು, ಎಲ್ಲ ಮಾತುಗಳನ್ನೂ ಪೆನ್ಸಿಲಿನಲ್ಲಿ ಅವುಗಳ ಪೂರ್ಣ ಗಾತ್ರದಲ್ಲಿಯೇ ಬರೆದುಬಿಡಿ. ಎ5 ಪುಟದ ಅರ್ಧ ಅಗಲದ ಚೌಕಟ್ಟಿನಲ್ಲಿ ಸಾಲಿಗೆ ಎರಡು ಮೂರು ಕನ್ನಡ ಪದಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಹಿಡಿಯದಿದ್ದರೆ ಅಕ್ಷರವನ್ನು ಕಿರಿದು ಮಾಡಬೇಡಿ, ಮಾತನ್ನು ಕಡಿಮೆ ಮಾಡಿ. ಅದೂ ಆಗದಿದ್ದರೆ ಚೌಕಟ್ಟನ್ನು ಅಗಲಿಸಿ. ಬಲೂನಿಗೆ ಹನ್ನೆರಡು ಪದ ಎಂಬುದು ನಾನು ಹಾಕಿಕೊಂಡ ಮಿತಿ.

ಅಚ್ಚಿನಲ್ಲಿ ಕನ್ನಡ ಅಕ್ಷರ 10 ಪಾಯಿಂಟಿಗಿಂತ ಕಿರಿದಾದರೆ ಒತ್ತಕ್ಷರಗಳು ಮಸಿಯ ಚುಕ್ಕೆಗಳಾಗುತ್ತವೆ. ಎ4 ಹಾಳೆಯಲ್ಲಿ ಬಿಡಿಸಿ ಎ5ಕ್ಕೆ ಇಳಿಸುವುದಾದರೆ ಎಲ್ಲವೂ ಸುಮಾರು ಶೇ. 71ಕ್ಕೆ ಕುಗ್ಗುವುದರಿಂದ, ಮೂಲದಲ್ಲಿ ಅಕ್ಷರ 14 ಪಾಯಿಂಟಿನಷ್ಟು ಇರಬೇಕು. ಸಾಲುಗಳ ನಡುವಿನ ಅಂತರವೂ ಇಂಗ್ಲಿಷಿಗಿಂತ ಹೆಚ್ಚು ಬೇಕು. 10 ಪಾಯಿಂಟಿನ ಅಕ್ಷರಕ್ಕೆ 15 ಪಾಯಿಂಟಿನ ಸಾಲು ಎಂದು ಹಿಡಿದರೆ "ರಾಷ್ಟ್ರ"ದ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುವುದಿಲ್ಲ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆಯುವ ರೂಢಿಯುಂಟು, ನಮಗೆ ಆ ಸೌಲಭ್ಯವೇ ಇಲ್ಲ. ಒತ್ತಿ ಹೇಳಬೇಕಾದ ಪದವನ್ನು ದಪ್ಪಗೆ ಅಥವಾ ತುಸು ದೊಡ್ಡದಾಗಿ ಬರೆಯಬೇಕಷ್ಟೆ. ಉದ್ದ ಪದವನ್ನು ಒಡೆಯಲೇಬೇಕಾದರೆ "ಹೋಗ-ಬೇಕಾಗಿತ್ತು" ಎಂಬಂತೆ ಜೋಡಣೆಯ ಜಾಗದಲ್ಲಿಯೇ ಒಡೆಯಿರಿ.

ಕೈಬರಹವೋ ಫಾಂಟೋ ಎಂದು ಕೇಳುವವರಿಗೆ ನನ್ನ ಉತ್ತರ ಕೈಬರಹ. ಚಿತ್ರದ ಗೆರೆ, ಅಕ್ಷರದ ಗೆರೆ ಎರಡೂ ಒಂದೇ ಕೈಯಿಂದ ಬಂದಾಗ ಪುಟ ಒಂದಾಗಿ ಕಾಣುತ್ತದೆ. 1843ರಲ್ಲಿ ಮಂಗಳೂರಿನಿಂದ ಹೊರಟ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಕಲ್ಲಚ್ಚಿನಲ್ಲಿ ಮುದ್ರಣಗೊಂಡದ್ದು. ಅಚ್ಚಿನ ಮೊಳೆಗಳನ್ನು ಜೋಡಿಸದೆ ಬರೆದ ಅಕ್ಷರವನ್ನೇ ಅಚ್ಚಿಗೆ ಇಳಿಸುವ ಆ ವಿಧಾನಕ್ಕೆ ನಮ್ಮ ಝೆರಾಕ್ಸ್ ಪುಸ್ತಿಕೆ ದೂರದ ಸಂಬಂಧಿಯೆನ್ನಬಹುದು. ಕೈಬರಹ ಒಪ್ಪವಾಗಿಲ್ಲದವರು ಫಾಂಟ್ ಬಳಸಬಹುದು. ನೋಟೊ ಸಾನ್ಸ್ ಕನ್ನಡ ಓದಲು ಸ್ವಚ್ಛವಾಗಿದೆ. ಅನೇಕ್ ಕನ್ನಡದಲ್ಲಿ ಕಿರಿದಗಲದ ರೂಪಗಳಿರುವುದರಿಂದ ಇಕ್ಕಟ್ಟಾದ ಬಲೂನಿಗೆ ಒದಗುತ್ತದೆ. ಶೀರ್ಷಿಕೆಗೆ ದುಂಡಗಿನ, ದಪ್ಪನೆಯ ಬಾಲೂ ತಮ್ಮ ಚೆನ್ನ. ಮೂರೂ ಮುಕ್ತ ಪರವಾನಗಿಯವು, ಮಾರುವ ಪುಸ್ತಕದಲ್ಲಿಯೂ ಹಣ ಕೊಡದೆ ಬಳಸಬಹುದು.

ಫಾಂಟ್ ಬಳಸುವವರು ಯುನಿಕೋಡ್ ಅಕ್ಷರಕ್ಕೂ (ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತ) ಹಳೆಯ ಆಸ್ಕಿ ನುಡಿ ಅಕ್ಷರಕ್ಕೂ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು) ಇರುವ ವ್ಯತ್ಯಾಸವನ್ನು ತಿಳಿದಿರಬೇಕು. ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ಕಡೆ ಇಂದಿಗೂ ಆಸ್ಕಿ ನುಡಿಯೇ ನಡೆಯುತ್ತದೆ, ಮೊಬೈಲಿನಲ್ಲಿ ನೀವು ಟೈಪಿಸುವುದು ಯುನಿಕೋಡ್. ಒಂದನ್ನು ಇನ್ನೊಂದರ ಫಾಂಟಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಇಂಕ್‌ಸ್ಕೇಪ್, ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಪಠ್ಯವ್ಯವಸ್ಥೆಯನ್ನು ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಮುದ್ರಣಕ್ಕೆ ಕೊಡುವ ಮೊದಲು ಅಕ್ಷರಗಳನ್ನೆಲ್ಲ ಗೆರೆಯಾಕೃತಿಗೆ ಬದಲಿಸಿ ಪಿಡಿಎಫ್ ಮಾಡಿಬಿಟ್ಟರೆ ಯಾವ ಯಂತ್ರದಲ್ಲಿ ತೆರೆದರೂ ಅವು ಅಲುಗುವುದಿಲ್ಲ. ಬದಲಿಸುವ ಮೊದಲಿನ ಒಂದು ಪ್ರತಿಯನ್ನು ತಿದ್ದುಪಡಿಗಾಗಿ ಬೇರೆ ಉಳಿಸಿಕೊಳ್ಳಿ.

ಶಬ್ದದ ಪದಗಳ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕಾಗಿದೆ, ಏಕೆಂದರೆ ಇಷ್ಟು ಸಿರಿವಂತ ಅನುಕರಣ ಪದಗಳಿರುವ ಭಾಷೆಯಲ್ಲಿ ಕೂತು ಇಂಗ್ಲಿಷಿನ "ಬ್ಯಾಂಗ್", "ಸ್ಪ್ಲ್ಯಾಶ್"ಗಳನ್ನು ಎರವಲು ತರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಳೆಯೊಂದಕ್ಕೇ ಜಿಟಿಜಿಟಿ, ಪಟಪಟ, ಧೋ ಎಂಬ ಮೂರು ಹಂತಗಳಿವೆ, ಮೂರಕ್ಕೂ ಮೂರು ಬಗೆಯ ಅಕ್ಷರವಿನ್ಯಾಸ ಹೊಂದುತ್ತದೆ: ಜಿಟಿಜಿಟಿಯನ್ನು ತೆಳುಗೆರೆಯಲ್ಲಿ ಚದುರಿಸಬಹುದು, ಪಟಪಟವನ್ನು ಓರೆಯಾಗಿ ಸಾಲುಗಟ್ಟಿಸಬಹುದು, ಧೋ ಎಂಬ ಒಂದೇ ಅಕ್ಷರವನ್ನು ಅದರ ದೀರ್ಘವನ್ನೆಳೆದು ಇಡೀ ಚೌಕಟ್ಟಿನಗಲ ಹರಡಬಹುದು. ಬಾಗಿಲು ಧಡಾರನೆ ಬೀಳುತ್ತದೆ, ಛತ್ರಿಯ ಕಡ್ಡಿ ಚಟಕ್ಕನೆ ಮುರಿಯುತ್ತದೆ, ಕಾಲು ಕೆಸರಿನಲ್ಲಿ ಪಚಕ್ಕನೆ ಇಳಿಯುತ್ತದೆ. ಇವನ್ನು ಫಾಂಟಿನಲ್ಲಿ ಹಾಕದೆ ಚಿತ್ರದ ಭಾಗವಾಗಿ ಕೈಯಿಂದಲೇ ಬರೆಯಿರಿ.

ಚಿತ್ರ, ಮಸಿ, ಸ್ಕ್ಯಾನ್

ಸಾಮಗ್ರಿಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 180 ಜಿಎಸ್‌ಎಂ ಆಸುಪಾಸಿನ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕವೆಂದು ಕಾಗದದ ದಪ್ಪ ಹೇಳುವ ಅಳತೆ) ಕಾರ್ಟ್ರಿಜ್ ಹಾಳೆ, ಎಚ್‌ಬಿ ಪೆನ್ಸಿಲು, ನೀರಿಗೆ ಕದಡದ ಕಪ್ಪು ಮಸಿ, 0.1ರಿಂದ 0.8 ಮಿ.ಮೀ.ವರೆಗಿನ ಎರಡು ಮೂರು ಫೈನ್‌ಲೈನರ್ ಪೆನ್ನುಗಳು, ಒಂದು ಕುಂಚ ಇದ್ದರೆ ಆಯಿತು. 0.1ರ ಗೆರೆ ಎ5ಕ್ಕೆ ಇಳಿದಾಗ ಝೆರಾಕ್ಸಿನಲ್ಲಿ ಅಲ್ಲಲ್ಲಿ ಮಾಯವಾಗುವುದರಿಂದ ಮುಖ್ಯ ಗೆರೆಗಳಿಗೆ 0.3ಕ್ಕಿಂತ ದಪ್ಪನೆಯದನ್ನೇ ಬಳಸಿ. ನೆರಳಿಗೆ ಪೆನ್ಸಿಲಿನ ಬೂದುಬಣ್ಣ ಹಚ್ಚಿದರೆ ಝೆರಾಕ್ಸಿನಲ್ಲಿ ಕೊಳೆಯಂತೆ ಕಾಣುತ್ತದೆ, ಅಡ್ಡಗೆರೆಗಳ ಅಥವಾ ಚುಕ್ಕೆಗಳ ನೆರಳು ಸ್ಪಷ್ಟವಾಗಿ ಬರುತ್ತದೆ. ಮೊಬೈಲಿನಲ್ಲೋ ಟ್ಯಾಬ್ಲೆಟಿನಲ್ಲೋ ಬಿಡಿಸುವವರಿಗೆ ಐಬಿಸ್ ಪೇಂಟ್, ಕಂಪ್ಯೂಟರಿನವರಿಗೆ ಕ್ರಿಟ ಸಾಕಾಗುತ್ತದೆ. ಕ್ರಿಟ ಪೂರ್ತಿ ಉಚಿತ.

ಪುಟದ ಹೊರ ಅಂಚಿನಿಂದ 5 ಮಿ.ಮೀ., ಪಿನ್ ಬೀಳುವ ಒಳ ಅಂಚಿನಿಂದ 10 ಮಿ.ಮೀ. ಒಳಗೆ ಯಾವ ಮಾತೂ ಇರಬಾರದು. ಚಿತ್ರ ಕಾಗದದ ತುದಿಯವರೆಗೂ ಹರಡಬೇಕೆಂದರೆ ಸುತ್ತಲೂ 3 ಮಿ.ಮೀ. ಹೆಚ್ಚುವರಿಯಾಗಿ ಬಿಡಿಸಿ, ಕತ್ತರಿಸುವಾಗ ಅದು ಹೋಗುತ್ತದೆ. ಮಸಿಯ ಚಿತ್ರವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿದರೆ ಎ4 ಹಾಳೆ 4961×7016 ಪಿಕ್ಸೆಲ್ ಬರುತ್ತದೆ. ಅದನ್ನು ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಶುದ್ಧ ಕಪ್ಪು-ಬಿಳುಪಿಗೆ ಬದಲಿಸಿದಾಗ ಅಳಿಸಿ ಉಳಿದ ಪೆನ್ಸಿಲ್ ಗುರುತುಗಳೂ ಹೋಗುತ್ತವೆ. ಮೊಬೈಲಿನ ಫೋಟೊದಲ್ಲಿ ಅಂಚುಗಳು ಬಾಗುತ್ತವೆ, ಚೌಕಟ್ಟಿನ ನೇರಗೆರೆಗಳು ಅದನ್ನು ಕೂಡಲೇ ತೋರಿಸಿಕೊಡುತ್ತವೆ. ಇನ್‌ಸ್ಟಾಗ್ರಾಮಿಗೂ ಹಾಕುವ ಇಚ್ಛೆಯಿದ್ದರೆ ಇದೇ ಸ್ಕ್ಯಾನಿನಿಂದ 1080×1350 ಪಿಕ್ಸೆಲಿನ ಪ್ರತಿ ಮಾಡಿಕೊಳ್ಳಬಹುದು, ಆದರೆ ಅದನ್ನೇ ಮುದ್ರಣಕ್ಕೆ ಒಯ್ಯಬಾರದು.

ಮುದ್ರಣಕ್ಕೆ ಒಯ್ಯುವ ಮೊದಲು

ಹುಬ್ಬಳ್ಳಿ-ಧಾರವಾಡದಲ್ಲಿ ಕಾಲೇಜುಗಳ ಸುತ್ತಮುತ್ತ ಝೆರಾಕ್ಸ್, ಡಿಜಿಟಲ್ ಪ್ರಿಂಟ್ ಅಂಗಡಿಗಳಿಗೆ ಕೊರತೆಯಿಲ್ಲ. ಪಕ್ಕದ ಗದಗಂತೂ ಮುದ್ರಣ ಕಾಶಿಯೆಂದೇ ಹೆಸರಾದ ಊರು. ಐವತ್ತು ನೂರು ಪ್ರತಿಗಳಿಗೆ ಡಿಜಿಟಲ್ ಮುದ್ರಣವೇ ಸರಿ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುವುದರಿಂದ ಐನೂರರ ಹತ್ತಿರ ಹೋದಾಗ ಮಾತ್ರ ಅದು ಲಾಭ. ಕನ್ನಡ ಪುಸ್ತಕಗಳಿಗೆ ರೂಢಿಯಾಗಿರುವ ಡೆಮಿ 1/8 ಅಳತೆಯನ್ನು ಮುದ್ರಕರು ಸೂಚಿಸಬಹುದು, ಅದು ಎ5ಕ್ಕಿಂತ ತುಸು ಬೇರೆ. ಅಳತೆಯನ್ನು ಚಿತ್ರ ಬಿಡಿಸುವ ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು, ಆಮೇಲಲ್ಲ.

ಪುಟಗಳನ್ನು ಹಾಳೆಯ ಮೇಲೆ ಹೊಂದಿಸುವ ಕೆಲಸವನ್ನು ಅಂಗಡಿಗೆ ಬಿಡದೆ ನೀವೇ ಮಾಡಿಕೊಂಡು ಹೋಗಿ. ಹದಿನಾರು ಪುಟದಲ್ಲಿ ಹಾಳೆಯ ಒಂದೇ ಬದಿಯಲ್ಲಿ ಅಕ್ಕಪಕ್ಕ ಬರುವ ಎರಡು ಪುಟಗಳ ಮೊತ್ತ ಯಾವಾಗಲೂ 17. ಹೊರಗಿನ ಹಾಳೆಯ ಒಂದು ಬದಿಗೆ 16 ಮತ್ತು 1, ಹಿಂಬದಿಗೆ 2 ಮತ್ತು 15; ಎರಡನೆಯದಕ್ಕೆ 14 ಮತ್ತು 3, ಹಿಂದೆ 4 ಮತ್ತು 13; ಮೂರನೆಯದಕ್ಕೆ 12 ಮತ್ತು 5, ಹಿಂದೆ 6 ಮತ್ತು 11; ನಡುವಿನದಕ್ಕೆ 10 ಮತ್ತು 7, ಹಿಂದೆ 8 ಮತ್ತು 9. ಎರಡೂ ಬದಿ ಮುದ್ರಿಸುವಾಗ ಚಿಕ್ಕ ಅಂಚಿನಲ್ಲಿ ತಿರುಗಿಸುವ ಆಯ್ಕೆಯನ್ನು ಕೊಡದಿದ್ದರೆ ಹಿಂಬದಿಯೆಲ್ಲ ತಲೆಕೆಳಗಾಗುತ್ತದೆ. ಆದ್ದರಿಂದ ಮೊದಲು ಒಂದೇ ಒಂದು ಪ್ರತಿ ತೆಗೆಸಿ, ಅಲ್ಲಿಯೇ ನಿಂತು ಮಡಚಿ, ಪುಟ ಪುಟವಾಗಿ ತಿರುವಿ ನೋಡಿ. ಅಂಗಡಿಯವರ ಅವಸರಕ್ಕೆ ಮಣಿದು ಒಮ್ಮೆಗೇ ಐವತ್ತು ಪ್ರತಿಗೆ ಹೂಂ ಎಂದದ್ದಕ್ಕೆ ನಾನು ಒಂದು ಕಟ್ಟು ರದ್ದಿ ಮನೆಗೆ ಹೊತ್ತಿದ್ದೇನೆ.

ಕಾಗದ 80 ಜಿಎಸ್‌ಎಂ ಇದ್ದರೆ ಗಾಢ ಕಪ್ಪು ಹಿಂಬದಿಗೆ ಕಾಣುತ್ತದೆ. 100 ಜಿಎಸ್‌ಎಂ ಮ್ಯಾಪ್ಲಿತೋ ಎಂಬ ಮುದ್ರಣದ ಕಾಗದ ಸಿಕ್ಕರೆ ಅದನ್ನೇ ಕೇಳಿ. ಸೆಂಟರ್ ಪಿನ್ ಹೊಡೆಯುವ ಉದ್ದ ತೋಳಿನ ಸ್ಟೇಪ್ಲರ್ ಇಲ್ಲದಿದ್ದರೆ ದಬ್ಬಣದಿಂದ ಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ದಾರ ಪೋಣಿಸಿ ಕಟ್ಟಬಹುದು, ನೋಡಲೂ ಅದು ಚೆಂದ. ಮುಖಪುಟವನ್ನು ಬಣ್ಣದಲ್ಲಿ ಮಾಡಿಸುವವರು ಕಡತವನ್ನು ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಮಸಿಗಳ ಬಣ್ಣವ್ಯವಸ್ಥೆಗೆ, ಬದಲಿಸಿ ನೋಡಬೇಕು, ಏಕೆಂದರೆ ಪರದೆಯ ಮೇಲೆ ಹೊಳೆಯುವ ನೀಲಿ ಹಸಿರುಗಳು ಕಾಗದದಲ್ಲಿ ಮಂಕಾಗುತ್ತವೆ. ಅಕ್ಷರಗಳನ್ನು ಮಾತ್ರ ಬರೀ ಕಪ್ಪು ಮಸಿಯಲ್ಲಿಡಿ.

ದರವನ್ನು ಎರಡು ಮೂರು ಕಡೆ ವಿಚಾರಿಸಿ, ಜಿಎಸ್‌ಟಿ ಸೇರಿ ಎಷ್ಟೆಂದು ಕೇಳಿ. ಉದಾಹರಣೆಗೆ ಒಂದು ಬದಿಗೆ 2 ರೂಪಾಯಿ ಎಂದಿಟ್ಟುಕೊಂಡರೆ ನಾಲ್ಕು ಹಾಳೆಯ ಎಂಟು ಬದಿಗೆ 16, ಮಡಚಿ ಪಿನ್ ಹೊಡೆದು ಅಂಚು ಕತ್ತರಿಸಲು 4, ಒಟ್ಟು 20 ರೂಪಾಯಿ. ಬೆಲೆ 40 ಎಂದಿಟ್ಟು, ಅಂಗಡಿಯವರಿಗೆ ಮೂರನೆಯ ಒಂದು ಪಾಲು ಕೊಟ್ಟರೆ ನಿಮ್ಮ ಕೈಗೆ 26 ರೂಪಾಯಿಯ ಮೇಲೆ ಚಿಲ್ಲರೆ ಬರುತ್ತದೆ. ಎರಡು ತಿಂಗಳ ಸಂಜೆಗಳಿಗೆ ಇದರಲ್ಲಿ ಕೂಲಿ ಹುಟ್ಟುವುದಿಲ್ಲ, ಮುಂದಿನ ಪುಸ್ತಿಕೆಯ ಕಾಗದದ ಖರ್ಚು ಹುಟ್ಟುತ್ತದೆ.

ಹಕ್ಕು, ಮಾರಾಟ

ಧಾರವಾಡದ ಕಥೆಯೆಂದ ಕೂಡಲೇ ಮಳೆಯ ಚಿತ್ರದ ಪಕ್ಕ ಬೇಂದ್ರೆಯವರ ಎರಡು ಸಾಲು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕು ಲೇಖಕರ ಜೀವಿತಕಾಲಕ್ಕೂ ಆನಂತರದ 60 ವರ್ಷಗಳಿಗೂ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ವಾರಸುದಾರರಲ್ಲಿರುತ್ತದೆ, ಅನುಮತಿ ಕೇಳಬೇಕು. ಗದಗಿನ ಕುಮಾರವ್ಯಾಸ, ಬಾಡದ ಕನಕದಾಸರು, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು, ಇವರ ಮೂಲಪದ್ಯಗಳಿಗೆ ಅಂಥ ಕಟ್ಟಿಲ್ಲ. ಆದರೆ ಇತ್ತೀಚಿನ ಸಂಪಾದಕರು ಬರೆದ ಗದ್ಯಾನುವಾದ, ಟಿಪ್ಪಣಿಗಳಿಗೆ ಇದೆ. ನಿಮ್ಮ ಚಿತ್ರಕಥೆಯ ಹಕ್ಕು ಬಿಡಿಸಿದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಎರಡನೆಯ ಪುಟದಲ್ಲಿ ಹೆಸರು, ವರ್ಷ, ಊರು, ಮುದ್ರಿಸಿದವರ ಹೆಸರು, ಬೆಲೆ, ಸಂಪರ್ಕಕ್ಕೊಂದು ಮಿಂಚಂಚೆ ವಿಳಾಸ ಇರಲಿ; ಮನೆಯ ವಿಳಾಸ ಹಾಕುವುದು ಬೇಡ.

ಐವತ್ತು ಪ್ರತಿಗಳ ಪುಸ್ತಿಕೆಗೆ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಇಲ್ಲದಿದ್ದರೂ ನಡೆಯುತ್ತದೆ. ಅಂಗಡಿ, ಗ್ರಂಥಾಲಯಗಳಿಗೆ ಹೋಗಬೇಕೆಂದಿದ್ದರೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಲೇಖಕರೇ ಪ್ರಕಾಶಕರಾದರೂ ಕೊಡುತ್ತಾರೆ, ಶುಲ್ಕವಿಲ್ಲ. ಪುಸ್ತಕವಾಗಿ ಪ್ರಕಟಿಸಿದಾಗ 1954ರ ಕಾಯಿದೆಯಂತೆ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕೆಂಬುದನ್ನು ನೆನಪಿಡಿ.

ಮಾರಾಟಕ್ಕೆ ಧಾರವಾಡದ ಸುಭಾಸ ರಸ್ತೆಯ ಪುಸ್ತಕದಂಗಡಿಗಳಲ್ಲಿ ಐದೈದು ಪ್ರತಿ ಇಟ್ಟು, ಮಾರಿದ ಮೇಲೆ ಹಣ ಪಡೆಯುವ ಒಪ್ಪಂದ ಮಾಡಿಕೊಳ್ಳಬಹುದು. ಕೊಟ್ಟ ದಿನಾಂಕ, ಪ್ರತಿಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳದಿದ್ದರೆ ಆರು ತಿಂಗಳ ನಂತರ ಇಬ್ಬರಿಗೂ ನೆನಪಿರುವುದಿಲ್ಲ. 1890ರಿಂದಲೂ ನಡೆದುಬಂದಿರುವ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಕಡೆ ಸಾಹಿತ್ಯ ಕಾರ್ಯಕ್ರಮಗಳಾದಾಗ ಸಂಘಟಕರನ್ನು ಮೊದಲೇ ಕೇಳಿ ಒಂದು ಮೇಜು ಹಾಕಿಕೊಂಡರೆ, ಅಂಗಡಿಗಿಂತ ಹೆಚ್ಚು ಪ್ರತಿಗಳು ಅಲ್ಲಿಯೇ ಹೋಗುತ್ತವೆ ಎಂಬುದು ನನ್ನ ಅನುಭವ. ಮೇಜಿನ ಮೇಲೆ ಒಂದು ಪ್ರತಿಯನ್ನು ಬಿಚ್ಚಿಯೇ ಇಡಿ, ನಿಂತು ಓದಿ ಮುಗಿಸುವವರನ್ನು ತಡೆಯಬೇಡಿ. ಬೆಂಗಳೂರಿನ ಕಾಮಿಕ್ ಕಾನ್ ಮೇಳದಲ್ಲಿ ಮೇಜಿನ ಖರ್ಚು ಹೊಸಬರಿಗೆ ಭಾರವಾಗುತ್ತದೆ; ಸ್ವತಂತ್ರ ಕಲಾವಿದರಿಗಾಗಿಯೇ ನಡೆಯುವ ಇಂಡೀ ಕಾಮಿಕ್ಸ್ ಫೆಸ್ಟ್ ಅಂಥವರಿಗೆ ಹೆಚ್ಚು ಹೊಂದುತ್ತದೆ.

ಅಂಚೆಯಲ್ಲಿ ಕಳಿಸುವವರಿಗೆ ತೂಕ ತೊಂದರೆಯಲ್ಲ, 80 ಜಿಎಸ್‌ಎಂನ ನಾಲ್ಕು ಎ4 ಹಾಳೆಗಳು ಸೇರಿ 20 ಗ್ರಾಂ ಆಗುತ್ತವೆ. ತೊಂದರೆ ಮಡಿಕೆಯದು ಮತ್ತು ಮಳೆಯದು. ಹಿಂದೊಂದು ಗಟ್ಟಿ ರಟ್ಟು ಕೊಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ ಕಳಿಸಿ. ಛತ್ರಿ ರಿಪೇರಿಯವನ ಕಥೆ ತೊಯ್ದು ತೊಪ್ಪೆಯಾಗಿ ಓದುಗರ ಕೈ ಸೇರಿದ್ದು ಒಂದು ಸಲವಲ್ಲ, ನನ್ನಿಂದ ಮೂರು ಸಲ ಆಗಿದೆ.